ಪಿಯುಸಿ ಫೇಲಾದವನಿಗೂ ಕಾಲೇಜಿನ ಗೇಟು ತೆರೆದಿರಲಿ

ತುಮಕೂರಿಗೆ ಕ್ರಿಕೆಟ್ ಸ್ಟೇಡಿಯಂ ಬರುತ್ತಂತೆ. ಅಂತೆಕಂತೆಯ ಮಾತಲ್ಲ ಇದು. 2024ರ ಡಿಸೆಂಬರ್ 2ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಶಂಕುಸ್ಥಾಪನೆ ಮಾಡಿದ್ದಾರೆ. ತಾಲ್ಲೂಕಿನ ಸೋರೆಕುಂಟೆಯಲ್ಲಿ 41 ಎಕರೆ ಜಾಗ. ಕಟ್ಟುವವರು ರಾಜ್ಯ ಕ್ರಿಕೆಟ್ ಸಂಸ್ಥೆಯವರು. ಅಂತರಾಷ್ಟ್ರೀಯ ಮಟ್ಟದ್ದು ಎಂಬ ಭರವಸೆ.

ಅಂದಿನಿಂದ ಅಂತರಸನಹಳ್ಳಿಯ ಟೀ ಅಂಗಡಿಗಳಲ್ಲಿ ಮಾತಿಗೆ ಬರವಿಲ್ಲ. ಸೈಟಿನ ರೇಟು ಎಷ್ಟಕ್ಕೆ ಹೋದೀತು ಎಂದು ಒಬ್ಬರ ಲೆಕ್ಕ. ಲಾಡ್ಜ್ ಕಟ್ಟಿಸಿದರೆ ಹೇಗೆ ಎಂದು ಇನ್ನೊಬ್ಬರ ಯೋಚನೆ. ಕೊಹ್ಲಿ ಬರ್ತಾನಾ, ರಾಹುಲ್ ಬರ್ತಾನಾ ಎಂದು ಹುಡುಗರ ಚರ್ಚೆ. ಎಲ್ಲವೂ ಸರಿ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುತ್ತಿಲ್ಲ. ಆ ಸ್ಟೇಡಿಯಂನ ಗೇಟು ಯಾರಿಗಾಗಿ ತೆರೆಯುತ್ತೆ?

ಇದೇನು ಕುಚೋದ್ಯದ ಪ್ರಶ್ನೆ ಎನ್ನಬೇಡಿ. ಗೇಟು ತೆರೆಯುವುದು, ಮುಚ್ಚುವುದು ಎರಡರಲ್ಲೂ ಈ ರಾಜ್ಯ ಪಾಠ ಕಲಿತಿದೆ. ಎರಡಕ್ಕೂ ಸಾಕ್ಷಿಯಾದ ಜಾಗವೊಂದಿದೆ. ಅದು ಮೈಸೂರಿನ ಮಾನಸಗಂಗೋತ್ರಿ ಕಡೆಯ ಗಂಗೋತ್ರಿ ಗ್ಲೇಡ್ಸ್ ಮೈದಾನ.

ಸಂಕ್ರಾಂತಿಯ ದಿನದ ಬಸ್ಸು

2010ರ ಜನವರಿ 11ರಿಂದ ಅಲ್ಲಿ ರಣಜಿ ಫೈನಲ್. ನಮ್ಮ ಕರ್ನಾಟಕಕ್ಕೂ ಮುಂಬೈಗೂ ಪಂದ್ಯ. ಆಗ ಅಂತರಸನಹಳ್ಳಿಯ ಒಬ್ಬ ಅಭಿಮಾನಿ ಹೊರಟ ಎಂದಿಟ್ಟುಕೊಳ್ಳಿ. ಹೆಸರು ಬೇಡ. ಅಂಥವರು ಪ್ರತಿ ಬೀದಿಗೂ ಒಬ್ಬರು ಸಿಗುತ್ತಾರೆ. ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವವನು. ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಹೋಯ್ತು, ಮತ್ತೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಆದರೆ ರಣಜಿ ಸ್ಕೋರು ಕೇಳಿ, ಪಾಠ ಒಪ್ಪಿಸಿದ ಹಾಗೆ ಹೇಳುತ್ತಾನೆ.

ಮೂರು ದಿನ ಪೇಪರಿನಲ್ಲಿ ಓದಿದ. ಮೊದಲ ಸರದಿಯಲ್ಲಿ ಮುಂಬೈ 233, ಕರ್ನಾಟಕ ಬರೀ 130. ಎರಡನೇ ಸರದಿಯಲ್ಲಿ ಮುಂಬೈ 234. ಗೆಲ್ಲಲು 338 ಬೇಕು. ನಾಲ್ಕನೇ ದಿನ ಜನವರಿ 14, ಗುರುವಾರ, ಸಂಕ್ರಾಂತಿ. ಇನ್ನು ಮನೆಯಲ್ಲಿ ಕೂರಲು ಆಗುತ್ತದೆಯೇ?

'ಹಬ್ಬದ ದಿನ ಹೊಸ್ತಿಲು ದಾಟ್ತೀಯೇನೋ?' ಎಂದು ಇಂಥ ಮನೆಗಳಲ್ಲಿ ತಾಯಂದಿರು ಕೇಳುತ್ತಾರೆ.

'ರಾತ್ರಿಗೆ ಬಂದುಬಿಡ್ತೀನಿ ಕಣವ್ವ. ಎಳ್ಳುಬೆಲ್ಲ ಎತ್ತಿಡು' ಎಂಬುದು ಮಕ್ಕಳ ಉತ್ತರ.

ಕತ್ತಲಿರುವಾಗಲೇ ತುಮಕೂರು ಬಸ್‌ಸ್ಟ್ಯಾಂಡು. ಹೆಬ್ಬೂರು ದಾಟಿ ಕುಣಿಗಲ್ ತಲುಪುವ ಹೊತ್ತಿಗೆ ಕೆರೆಯ ಮೇಲೆ ಬೆಳಕು. ಹುಲಿಯೂರುದುರ್ಗದ ಗುಡ್ಡ ಬಳಸಿ ಮದ್ದೂರು. ಅಲ್ಲಿ ವಡೆ ತಿನ್ನದೆ ಮುಂದೆ ಹೋದವರು ಯಾರಿದ್ದಾರೆ? ಆಮೇಲೆ ಮಂಡ್ಯ, ಶ್ರೀರಂಗಪಟ್ಟಣ, ಕಾವೇರಿ ದಾಟಿದರೆ ಮೈಸೂರು. ಹೆಚ್ಚುಕಮ್ಮಿ ನೂರೈವತ್ತು ಕಿಲೋಮೀಟರು. ಬಸ್ಸಿನಲ್ಲಿ ನಿದ್ದೆ ಬರಲ್ಲ. ಪಕ್ಕದ ಸೀಟಿನವರ ಬಳಿ ರೇಡಿಯೋ ಇದೆಯಾ ಎಂದು ಕಣ್ಣು ಹಾಯಿಸುವುದು, ಕಂಡಕ್ಟರ್ ಹತ್ತಿರ ಸ್ಕೋರು ವಿಚಾರಿಸುವುದು. ಈ ಹುಚ್ಚು ಇದ್ದವರಿಗೇ ಗೊತ್ತು.

ಮೈದಾನದಲ್ಲಿ ಜಾಗ ಎಲ್ಲಿತ್ತು? ಸುತ್ತಲಿನ ಮರಗಳ ಕೊಂಬೆಗಳ ಮೇಲೂ ಜನ ಹತ್ತಿ ಕೂತಿದ್ದರು. ರಣಜಿ ಪಂದ್ಯ ನೋಡಲು ಬೆಂಗಳೂರಿನ ದೊಡ್ಡ ಸ್ಟೇಡಿಯಂನಲ್ಲಿ ನಾಯಿ ನರಿ ಇರುವುದಿಲ್ಲ ಎಂದು ಹೇಳುತ್ತಿದ್ದ ಕಾಲ ಅದು. ಇಲ್ಲಿ ನೋಡಿದರೆ ಜಾತ್ರೆ.

ಮನೀಶ್ ಪಾಂಡೆ 144 ಹೊಡೆದ. ಗಣೇಶ್ ಸತೀಶ್ ಜೊತೆ ಸೇರಿ 209 ರನ್ನಿನ ಜೊತೆಯಾಟ. ಗೆದ್ದೇಬಿಟ್ಟೆವು ಅಂದುಕೊಂಡರು. ಆಮೇಲೆ ಒಂದೊಂದೇ ವಿಕೆಟ್ಟು ಬಿತ್ತು. ಅಗರ್ಕರ್ ಐದು ವಿಕೆಟ್ ಕಿತ್ತ. 331ಕ್ಕೆ ಎಲ್ಲರೂ ಔಟ್. ಬರೀ ಆರು ರನ್ನಿನಿಂದ ಸೋಲು! ಸ್ವಾಮಿ, ಆರು ರನ್ನು ಅಂದರೆ ಒಂದು ಸಿಕ್ಸರು ತಾನೇ.

ಸೋತರೂ ಆ ದಿನದ ಮಾತನ್ನು ಕ್ರಿಕೆಟ್ ಪ್ರೇಮಿಗಳು ಇವತ್ತಿಗೂ ಬಿಟ್ಟಿಲ್ಲ. ಗೆದ್ದ ಎಷ್ಟೋ ಪಂದ್ಯ ಮರೆತಿದ್ದಾರೆ, ಇದನ್ನು ಮರೆತಿಲ್ಲ. ಯಾಕೆ?

ಅಂಕಪಟ್ಟಿ ಕೇಳದ ಜಾಗ

ಆಟ ಚೆನ್ನಾಗಿತ್ತು ಎಂಬುದು ಅರ್ಧ ಉತ್ತರ. ಇನ್ನರ್ಧ ಆ ಜಾಗದ್ದು.

ಮಾನಸಗಂಗೋತ್ರಿ ಎಂದರೆ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಆವರಣ. ಹೆಸರಿಟ್ಟವರು ಕುವೆಂಪು, ಅವರು ಅಲ್ಲಿ ಕುಲಪತಿಗಳಾಗಿದ್ದಾಗ. ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ. ದೊಡ್ಡ ದೊಡ್ಡ ವಿದ್ವಾಂಸರು ಓಡಾಡಿದ ಜಾಗ. ಅಲ್ಲಿಗೆ ಒಳಗೆ ಹೋಗಬೇಕಾದರೆ ಡಿಗ್ರಿ ಬೇಕು, ಅಂಕಪಟ್ಟಿ ಬೇಕು, ಫೀಸು ಕಟ್ಟಿದ ರಸೀತಿ ಬೇಕು. ಪಿಯುಸಿ ಫೇಲಾದ ಅಂತರಸನಹಳ್ಳಿಯ ಕಾರ್ಮಿಕನಿಗೆ ಅಲ್ಲಿ ಏನು ಕೆಲಸ?

ಆದರೆ ಮ್ಯಾಚಿನ ದಿನ ಯಾರೂ ಅಂಕಪಟ್ಟಿ ಕೇಳಲಿಲ್ಲ. ಎಂ.ಎ. ಓದುವ ಹುಡುಗನ ಪಕ್ಕ ಇವನೂ ಕೂತ. ಪ್ರೊಫೆಸರು ಎದ್ದು ಚಪ್ಪಾಳೆ ಹೊಡೆದಾಗ ಇವನೂ ಹೊಡೆದ. ಎಡಗೈ ಸ್ಪಿನ್ನರಿಗೆ ಫೀಲ್ಡಿಂಗ್ ಹೇಗೆ ಹಾಕಬೇಕಿತ್ತು ಎಂದು ಇವನು ಹೇಳಿದರೆ ಅವರು ಕೇಳಿಸಿಕೊಂಡರು. ಕಾಲೇಜು ಕೈಬಿಟ್ಟವನಿಗೆ ಕಾಲೇಜಿನ ಗೌರವ ಸಿಗುವ ಒಂದೇ ಜಾಗ ಅಂದರೆ ಅದರ ಆಟದ ಮೈದಾನ. ತರಗತಿಗೆ ಬಾಗಿಲು ಉಂಟು, ಲೈಬ್ರರಿಗೆ ಕಾರ್ಡು ಉಂಟು, ಮೈದಾನಕ್ಕೆ ಬೌಂಡರಿ ಗೆರೆ ಒಂದೇ.

ಆದ್ದರಿಂದಲೇ ಅಭಿಮಾನಿಗೆ ಕಾಲೇಜು ಮೈದಾನದ ಮೇಲೆ ಅಷ್ಟು ಪ್ರೀತಿ. ದುಡ್ಡು ಕೊಟ್ಟು ಕೂತ ಕುರ್ಚಿಯ ಮೇಲೆ ಆ ಪ್ರೀತಿ ಹುಟ್ಟುವುದಿಲ್ಲ.

ಹಳೆಯ ಕಾಲದಿಂದಲೂ ಹೀಗೇ

ಇದೇನು ಹೊಸ ಸಂಗತಿ ಅಲ್ಲ. ಬೆಂಗಳೂರಿನಲ್ಲಿ ಈಗಿರುವ ಚಿನ್ನಸ್ವಾಮಿ ಸ್ಟೇಡಿಯಂ ಏಳುವ ಮೊದಲು ದೊಡ್ಡ ಪಂದ್ಯ ಎಂದರೆ ಸೆಂಟ್ರಲ್ ಕಾಲೇಜು ಮೈದಾನ. 1858ರಲ್ಲಿ ಶುರುವಾದ ವಿದ್ಯಾಸಂಸ್ಥೆ ಅದು. ರಣಜಿ ಪಂದ್ಯಗಳನ್ನು, ಹೊರದೇಶದಿಂದ ಬಂದ ತಂಡಗಳ ಆಟವನ್ನು ಹಿರಿಯರು ನೋಡಿದ್ದು ಆ ಕಾಲೇಜಿನಲ್ಲೇ. ತುಮಕೂರಿನಿಂದ ರೈಲು ಹತ್ತಿದರೆ ಎಪ್ಪತ್ತು ಕಿಲೋಮೀಟರು, ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಗೆ ವಾಪಸ್ಸು.

1974ರ ನವೆಂಬರ್ 22ರಂದು ಹೊಸ ಸ್ಟೇಡಿಯಂನಲ್ಲಿ ಮೊದಲ ಟೆಸ್ಟ್ ಶುರುವಾಯಿತು. ವೆಸ್ಟ್ ಇಂಡೀಸಿನ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟು. ಅಲ್ಲಿಂದ ಆಟ ಕಾಲೇಜು ಬಿಟ್ಟು ಕಾಂಕ್ರೀಟಿನೊಳಗೆ ಹೋಯಿತು. ಹೋಗಲೇಬೇಕಿತ್ತು, ಜನ ಹೆಚ್ಚಾಗಿದ್ದರು. ಅದರ ಬಗ್ಗೆ ತಕರಾರಿಲ್ಲ.

ಆದರೆ ಆಟಗಾರರು ಎಲ್ಲಿಂದ ಬಂದರು? ಪ್ರಸನ್ನ ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಓದಿದವರು. ಟೆಸ್ಟ್ ಆಡಿದ ಮೇಲೂ ಓದು ಮುಗಿಸಲೆಂದು ಆಟದಿಂದ ದೂರ ಇದ್ದು, ಆಮೇಲೆ ಮರಳಿ ಬಂದರು. ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ ವಿದ್ಯಾರ್ಥಿ. ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನವರು. 1973-74ರಲ್ಲಿ ಪ್ರಸನ್ನನವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಗೆದ್ದು, ಸತತ ಹದಿನೈದು ವರ್ಷ ಗೆದ್ದಿದ್ದ ಮುಂಬೈಯ ಸೊಕ್ಕು ಮುರಿಯಿತು. ಆ ಗೆಲುವಿನ ಬೇರು ಕಾಲೇಜು ಮೈದಾನದಲ್ಲಿತ್ತು. ಆಟಗಾರ ಬೆಳೆಯಲು ಕಾಲೇಜು ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಪ್ರೇಕ್ಷಕ ಬೆಳೆಯಲೂ ಅದೇ ಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ.

ಅದೇ ಮೈದಾನ, ಮುಚ್ಚಿದ ಗೇಟು

ಈಗ 2025ಕ್ಕೆ ಬನ್ನಿ.

ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಹದಿನೆಂಟು ವರ್ಷ ಕಾದ ಜನ. ಮಾರನೆಯ ದಿನ, ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವಿಜಯೋತ್ಸವ. ಒಳಗೆ ಜಾಗ ಇದ್ದದ್ದು ಮೂವತ್ತೈದು ಸಾವಿರ ಜನಕ್ಕೆ. ಹೊರಗೆ ಬಂದವರು ಲಕ್ಷಗಟ್ಟಲೆ. ಪಾಸು ಯಾರಿಗೆ, ಗೇಟು ಯಾವುದು, ತೆರೆಯುವುದು ಎಷ್ಟೊತ್ತಿಗೆ, ಒಂದೂ ಸ್ಪಷ್ಟವಿರಲಿಲ್ಲ. ಗೇಟುಗಳ ಬಳಿ ನೂಕುನುಗ್ಗಲು. ಹನ್ನೊಂದು ಜೀವ ಹೋಯಿತು. ಹೆಚ್ಚಿನವರು ಎಳೆಯ ವಯಸ್ಸಿನವರು. ಬೆಳಿಗ್ಗೆ ಮನೆಯಿಂದ ಕೆಂಪು ಜೆರ್ಸಿ ಹಾಕಿಕೊಂಡು ಹೊರಟ ಮಕ್ಕಳು. ಅವರ ತಾಯಂದಿರಿಗೂ 'ರಾತ್ರಿಗೆ ಬಂದುಬಿಡ್ತೀನಿ' ಎಂದೇ ಹೇಳಿರಬೇಕು.

ಆಯೋಗ ಕೂತಿತು. ನ್ಯಾಯಮೂರ್ತಿ ಮೈಕಲ್ ಡಿಕುನ್ಹ ಅವರ ವರದಿ ಆ ಸ್ಟೇಡಿಯಂ ಭಾರೀ ಜನ ಸೇರುವ ಕಾರ್ಯಕ್ರಮಗಳಿಗೆ ತಕ್ಕುದಲ್ಲ ಎಂದಿತು. ಮಹಿಳಾ ವಿಶ್ವಕಪ್ಪಿನಲ್ಲಿ ಬೆಂಗಳೂರಿಗೆ ಸಿಕ್ಕಿದ್ದ ಆತಿಥ್ಯ ನವಿ ಮುಂಬೈ ಪಾಲಾಯಿತು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಅಲ್ಲೇ ಕಪ್ ಎತ್ತಿದರು. ನಮ್ಮವರು ಟಿವಿಯಲ್ಲಿ ನೋಡಿದರು.

ಅದಕ್ಕೂ ಮೊದಲು, ಆಗಸ್ಟ್ ತಿಂಗಳಲ್ಲಿ, ರಾಜ್ಯದ ಹುಡುಗರ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಎಲ್ಲಿಗೆ? ಅದೇ ಗಂಗೋತ್ರಿ ಗ್ಲೇಡ್ಸ್‌ಗೆ. ಈಗ ಅದಕ್ಕೆ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರಿದೆ. 2010ರಲ್ಲಿ ಮರದ ಮೇಲೂ ಜನ ಕೂತಿದ್ದ ಮೈದಾನದಲ್ಲಿ ಆ ಸಲ ಪ್ರೇಕ್ಷಕರಿಗೆ ಪ್ರವೇಶವೇ ಇರಲಿಲ್ಲ! ಹುಡುಗರು ಸಿಕ್ಸರ್ ಹೊಡೆದರೆ ಚಪ್ಪಾಳೆಗೆ ಜನವಿರಲಿಲ್ಲ.

ಪೊಲೀಸರ ಮಾತಿನಲ್ಲಿ ಅರ್ಥವಿಲ್ಲ ಎನ್ನಲಾಗದು. ಹನ್ನೊಂದು ಹೆಣ ನೋಡಿದವರಿಗೆ ಭಯ ಇರಲೇಬೇಕು. ನಾಳೆ ಏನಾದರೂ ಆದರೆ ಮೊದಲು ಸಸ್ಪೆಂಡ್ ಆಗುವವರೂ ಅವರೇ. ಆದರೆ ಭಯಕ್ಕೆ ಮದ್ದು ಬೀಗವಲ್ಲ. ಜೂನ್ 4ರಂದು ಜನ ಸತ್ತದ್ದು ಗೇಟು ತೆರೆದದ್ದಕ್ಕೋ, ಮುಚ್ಚಿದ್ದಕ್ಕೋ? ಎರಡಕ್ಕೂ ಅಲ್ಲ. ಗೇಟಿನ ವಿಷಯ ಮೊದಲೇ ಯೋಚಿಸದೆ ಜನರನ್ನು ಕರೆದದ್ದಕ್ಕೆ. ಊಟಕ್ಕೆ ಕರೆದು ಎಲೆ ಹಾಕದವನು, ಬಂದವರು ನುಗ್ಗಿದರು ಎಂದು ದೂರಿದರೆ ಹೇಗೆ?

2010ರ ಫೈನಲ್ ಮಾದರಿ ಎಂದು ಹೇಳಲೂ ಹೊರಟಿಲ್ಲ. ಮರದ ಕೊಂಬೆ ಮುರಿದಿದ್ದರೆ ಏನು ಗತಿಯಾಗುತ್ತಿತ್ತು? ಆ ದಿನ ಅದೃಷ್ಟವೂ ಇತ್ತು. ಆದರೆ ಅಲ್ಲಿ ಇನ್ನೊಂದು ಸಂಗತಿಯೂ ಇತ್ತು. ನಾಲ್ಕು ದಿನ ನಡೆದ ಆಟ. ಜನ ಬೆಳಿಗ್ಗೆ ಬರುವವರು, ಮಧ್ಯಾಹ್ನ ಬರುವವರು, ಟೀ ಹೊತ್ತಿಗೆ ಹೋಗುವವರು. ಸುತ್ತ ಬಯಲು. ಎಲ್ಲರೂ ಒಂದೇ ಗಳಿಗೆಗೆ ಒಂದೇ ಬಾಗಿಲಿಗೆ ನುಗ್ಗುವ ಪ್ರಮೇಯವಿಲ್ಲ. ಜನ ಹರಡಿಕೊಂಡರೆ ಜಾತ್ರೆ, ಒತ್ತರಿಸಿಕೊಂಡರೆ ಅನಾಹುತ. ಸಿದ್ಧಗಂಗೆಯ ಜಾತ್ರೆ ನೋಡಿದ ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮೂರಿನ ಮೈದಾನದ ಮಾತು

ಈಗ ತುಮಕೂರಿನ ವಿಷಯ. ಇಲ್ಲಿ ಕಾಲೇಜುಗಳಿಗೆ ಕೊರತೆಯೇ? ಎಂಜಿನಿಯರಿಂಗ್ ಉಂಟು, ಮೆಡಿಕಲ್ ಉಂಟು, 2004ರಿಂದ ಸ್ವಂತ ವಿಶ್ವವಿದ್ಯಾನಿಲಯವೂ ಉಂಟು. ಶಿಕ್ಷಣದ ನಗರಿ ಎಂದು ಭಾಷಣಗಳಲ್ಲಿ ಹೊಗಳಿಕೆ. ಅಷ್ಟು ಕಾಲೇಜುಗಳ ಮಧ್ಯೆ ಒಂದು ಭಾನುವಾರ ಸಂಜೆ ಪಾಳಿ ಮುಗಿಸಿದ ಕಾರ್ಮಿಕ, ಅಂಗಡಿ ಮುಚ್ಚಿದ ವ್ಯಾಪಾರಿ ಹೋಗಿ ಕೂತು ಒಂದು ಒಳ್ಳೆಯ ಪಂದ್ಯ ನೋಡಬೇಕೆಂದರೆ ಎಲ್ಲಿ ಹೋಗಬೇಕು? ಅವನು ನೂರೈವತ್ತು ಕಿಲೋಮೀಟರು ಮೈಸೂರಿಗೇ ಹೋಗಬೇಕೆ?

ಸರ್ಕಾರಿ ಜೂನಿಯರ್ ಕಾಲೇಜು ಮೈದಾನ ಈ ಊರಿನ ಎದೆಬಯಲು. 2020ರ ಜನವರಿ 2ರಂದು ಪ್ರಧಾನಿ ಮೋದಿಯವರ ರೈತ ಸಮಾವೇಶ ನಡೆದದ್ದು ಅಲ್ಲೇ. ದೊಡ್ಡ ಸಭೆಗಳಿಗೆ ಈ ಊರಿನಲ್ಲಿ ಮೊದಲು ನೆನಪಾಗುವ ಜಾಗ. ಸಭೆ ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಸಭೆಗೆ ಕರೆದು ಕೂರಿಸಿದ ಅದೇ ಜನರನ್ನು ಆಟಕ್ಕೂ ಕರೆದು ಕೂರಿಸಲಿ. ಸಭೆ ಮುಗಿದ ಮೇಲೆ ಶಾಮಿಯಾನದ ಗೂಟ ಕಿತ್ತ ಗುಂಡಿ ಮುಚ್ಚಿಸುವ ಹೊಣೆ ಶಾಮಿಯಾನ ಹಾಕಿಸಿದವರದ್ದೇ ಆಗಲಿ. ಓಡುವ ಹುಡುಗನ ಕಾಲು ಉಳುಕಿದರೆ ಭಾಷಣ ಮಾಡಿದವರು ಬಂದು ಪಟ್ಟಿ ಕಟ್ಟುತ್ತಾರೆಯೇ?

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಹೊಸ ರೂಪ ಬಂದಿದೆ, ಸಂತೋಷ. ಆದರೆ ಒಂದು ಊರಿಗೆ ಒಂದು ಕ್ರೀಡಾಂಗಣ ಸಾಲದು. ಕಾಲೇಜು ಮೈದಾನಗಳು ಊರಿನ ಆಟಕ್ಕೆ ಸೇರಿದರೆ ಮಾತ್ರ ಅಭಿಮಾನಿಗೆ ನೆಲೆ.

ಕಾಲೇಜಿನವರೂ ಒಂದಿಷ್ಟು ಆಕ್ಷೇಪ ಹೇಳುತ್ತಾರೆ. ಹೊರಗಿನವರು ಬಂದರೆ ಗಲಾಟೆ, ಕಸ, ಹೆಣ್ಣುಮಕ್ಕಳಿಗೆ ತೊಂದರೆ ಎಂದು. ಸುಳ್ಳಲ್ಲ. ಆದರೆ ಭಾನುವಾರ ತರಗತಿ ಇರುವುದಿಲ್ಲ. ಮೈದಾನದ ಕಡೆಗೆ ಬೇರೆ ಗೇಟು ಮಾಡಿ, ಎರಡು ಎನ್‌ಸಿಸಿ ಹುಡುಗರನ್ನು ನಿಲ್ಲಿಸಿ, ಕಸಕ್ಕೆ ಡ್ರಮ್ಮು ಇಡಿ. ಯಾವ ಊರಹಬ್ಬದಲ್ಲಿ ಇಷ್ಟು ಏರ್ಪಾಡು ಮಾಡುವುದಿಲ್ಲ? ಮನಸ್ಸಿದ್ದರೆ ಮಾರ್ಗ.

ಸೋರೆಕುಂಟೆಗೆ ಮೊದಲೇ ಹೇಳಬೇಕಾದ ಮಾತು

ಸೋರೆಕುಂಟೆಯ ಸ್ಟೇಡಿಯಂ ಬಗ್ಗೆ ಕೊನೆಯದಾಗಿ ನಾಲ್ಕು ಮಾತು. ಕಟ್ಟಡ ಎದ್ದ ಮೇಲೆ ಹೇಳಿದರೆ ಗೋಡೆ ಒಡೆಯಬೇಕಾಗುತ್ತೆ. ಈಗಲೇ ಹೇಳುವುದು ವಾಸಿ.

ಮೊದಲನೆಯದು, ನಕ್ಷೆಯಲ್ಲಿ ಪೆವಿಲಿಯನ್ನಿಗಿಂತ ಮೊದಲು ಗೇಟು ಬರೆಯಿರಿ. ಎಷ್ಟು ಗೇಟು, ಎಷ್ಟು ಅಗಲ, ಒಳಗೆ ಬರುವ ದಾರಿ ಯಾವುದು, ಹೊರಗೆ ಹೋಗುವ ದಾರಿ ಯಾವುದು, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತೆ. ಹನ್ನೊಂದು ಮಕ್ಕಳಿಗೆ ಸಲ್ಲಿಸುವ ಶ್ರದ್ಧಾಂಜಲಿ ಅದೇ.

ಎರಡನೆಯದು, ಒಂದು ಬದಿಯಾದರೂ ಹುಲ್ಲಿನ ದಿಬ್ಬ ಇರಲಿ. ಕಡಿಮೆ ದುಡ್ಡಿನ ಟಿಕೆಟ್ಟು, ರಣಜಿಗೆ ಬಿಟ್ಟಿ ಪ್ರವೇಶ. ಐಪಿಎಲ್ ಟಿಕೆಟ್ ಕೊಳ್ಳಲಾಗದವನು ರಣಜಿಯನ್ನಾದರೂ ನೋಡಲಿ. ದಿಬ್ಬದ ಹಿಂದೆ ಮರ ನೆಡಲಿ, ಹತ್ತಲು ಅಲ್ಲ, ನೆರಳಿಗೆ.

ಮೂರನೆಯದು, ಬಸ್ಸು. ಕಾರು ನಿಲ್ಲಿಸಲು ಎಷ್ಟು ಎಕರೆ ಎಂದು ಲೆಕ್ಕ ಹಾಕುವವರು, ಬಸ್ಸಿನಲ್ಲಿ ಬರುವವನು ಪಂದ್ಯ ಮುಗಿದ ಮೇಲೆ ರಾತ್ರಿ ಹೇಗೆ ಮನೆ ಸೇರುತ್ತಾನೆ ಎಂದೂ ಯೋಚಿಸಲಿ. ಬಸ್‌ಸ್ಟ್ಯಾಂಡಿನಿಂದ ನೇರ ಬಸ್ಸು, ಆಟ ಮುಗಿದ ಮೇಲೆ ಸಾಲಾಗಿ ವಾಪಸ್ಸು ಬಸ್ಸು ಬೇಕು. ಹೆಣ್ಣುಮಕ್ಕಳಿಗೆ 2023ರಿಂದ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿದೆ. ಅವರೂ ಆಟ ನೋಡಲು ಬರುತ್ತಾರೆ. ಅವರಿಗೆ ಶುದ್ಧವಾದ ಶೌಚಾಲಯ ಇರದಿದ್ದರೆ ಬಂದದ್ದು ಅದೇ ಮೊದಲು, ಅದೇ ಕೊನೆ.

ನಾಲ್ಕನೆಯದು, ವರ್ಷಕ್ಕೆ ಕೆಲವು ದಿನವಾದರೂ ಜಿಲ್ಲೆಯ ಕಾಲೇಜುಗಳ ಪಂದ್ಯ ಆ ಮೈದಾನದಲ್ಲಿ ಆಗಲಿ. ಗುಬ್ಬಿಯ ಹುಡುಗ, ಕುಣಿಗಲ್ಲಿನ ಹುಡುಗಿ ಅಲ್ಲಿ ಆಡಲಿ. ದೊಡ್ಡವರು ಬಾರದ ದಿನಗಳಲ್ಲಿ ಬೀಗ ಜಡಿದು ವಾಚ್‌ಮನ್ ಕೂರಿಸಿದರೆ 41 ಎಕರೆ ಇದ್ದೂ ಪ್ರಯೋಜನವಿಲ್ಲ.

ಅಭಿಮಾನಿ ಪುಂಡನಲ್ಲ. ಟಿಕೆಟ್ಟಿಗಾಗಿ ಒಂದು ದಿನದ ಕೂಲಿ ಕಳೆದುಕೊಂಡು, ಹಬ್ಬದೂಟ ಬಿಟ್ಟು, ಬಸ್ಸಿನಲ್ಲಿ ನಿಂತು ಬರುವವನು. ಅವನಿಂದಲೇ ಆಟಕ್ಕೆ ಹೆಸರು, ಜಾಹೀರಾತಿಗೆ ದುಡ್ಡು, ಆಟಗಾರನಿಗೆ ಬಂಗಲೆ. ಅವನು ಕೇಳುವುದು ಕೂರಲು ಒಂದಷ್ಟು ನೆಲ, ಹೋಗಿ ಬರಲು ಒಂದು ಸುರಕ್ಷಿತ ದಾರಿ. ಕಾಲೇಜುಗಳು ಅದನ್ನು ಒಂದು ಕಾಲಕ್ಕೆ ಕೇಳದೆಯೇ ಕೊಟ್ಟಿದ್ದವು.

ಕ್ರಿಕೆಟ್ ಸಂಸ್ಥೆಯವರು, ಜಿಲ್ಲಾಡಳಿತದವರು, ಕಾಲೇಜುಗಳ ಆಡಳಿತ ಮಂಡಳಿಯವರು ಒಟ್ಟಿಗೆ ಕೂತು ಈ ಕುರಿತು ಮಾತಾಡಲಿ. ಮುಂದಿನ ಸಂಕ್ರಾಂತಿಗೆ ಅಂತರಸನಹಳ್ಳಿಯ ಹುಡುಗ ಎಳ್ಳುಬೆಲ್ಲ ತಿಂದುಕೊಂಡು, ಸಿಟಿ ಬಸ್ಸಿನಲ್ಲೇ ಹೋಗಿ ಒಂದು ಒಳ್ಳೆಯ ಪಂದ್ಯ ನೋಡಿ ಬರುವಂತಾಗಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?